ಫಾರ್ಮ್ಯಾಟ್ ಮಾಡದೆ ಉಳಿಸುವ ಕಸುಬು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಮನೆ ಕಂಪ್ಯೂಟರುಗಳು ಕೆಡುವುದಕ್ಕೆ ಎರಡು ಕಾಲಗಳಿವೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಗೆ ಒಂದು ಸುತ್ತು. ಜೂನ್ ಕಳೆದು ಜಡಿಮಳೆ ಹಿಡಿದು, ಗೋಡೆಗೆಲ್ಲ ಥಂಡಿ ಏರಿದ ಮೇಲೆ ಇನ್ನೊಂದು ಸುತ್ತು. ಪೇಟೆಯ ರಿಪೇರಿ ಅಂಗಡಿಗಳ ಮೇಜಿನ ಮೇಲೆ ಆಗ ಬಿಚ್ಚಿಟ್ಟ ಸಿಪಿಯುಗಳು ಸಾಲುಗಟ್ಟುತ್ತವೆ. ಬರುವ ದೂರುಗಳಲ್ಲಿ ಒಂದು ಮಾತ್ರ ಪದೇ ಪದೇ ಕೇಳುತ್ತದೆ: ಕಂಪ್ಯೂಟರ್ ಆನ್ ಆಗುತ್ತದೆ, ಪರದೆ ಬೆಳಗುತ್ತದೆ, ಐಕಾನ್‌ಗಳು ಮೂಡುತ್ತವೆ, ಮರುಗಳಿಗೆಯಲ್ಲಿ ಎಲ್ಲ ಮಾಯ. ಮತ್ತೆ ಮೂಡುತ್ತವೆ, ಮತ್ತೆ ಮಾಯ.

ಇದಕ್ಕೆ ಸುಲಭದ ಮದ್ದು ಎಲ್ಲರಿಗೂ ಗೊತ್ತು. ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದು. ಕೆಲವೇ ತಾಸಿನ ಕೆಲಸ, ತಲೆನೋವಿಲ್ಲ. ಆದರೆ ಈ ಕಸುಬಿನಲ್ಲಿ ಒಳ್ಳೆಯ ಹೆಸರು ಮಾಡಿದವರು ಆ ದಾರಿಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಾರೆ. ನನ್ನ ಮಟ್ಟಿಗೆ ರಿಪೇರಿಯವರ ಕೈಗುಣವನ್ನು ಅಳೆಯಬೇಕಾದ್ದು ಕಂಪ್ಯೂಟರ್ ಮತ್ತೆ ಶುರುವಾಯಿತೇ ಎಂಬುದರಿಂದಲ್ಲ, ಶುರುವಾದಾಗ ಒಳಗೆ ಏನೇನು ಉಳಿದಿತ್ತು ಎಂಬುದರಿಂದ.

ಮನೆಗಳಲ್ಲಿ ಉಳಿಯಬೇಕಾದ್ದು ಬಹಳವಿದೆ. ಮಗಳ ಮದುವೆಯ ಫೋಟೋ, ಅಡಿಕೆ ಮಂಡಿಯ ಲೆಕ್ಕ, ಕೊನೆ ಕೊಯ್ಲಿನ ಆಳುಗಳ ಪಟ್ಟಿ, ದೇವಸ್ಥಾನ ಸಮಿತಿಯ ನಡಾವಳಿ, ಯಾರೋ ಬರೆದಿಟ್ಟ ತಾಳಮದ್ದಲೆಯ ಟಿಪ್ಪಣಿ. ಇವುಗಳಲ್ಲಿ ಹೆಚ್ಚಿನವು ಡೆಸ್ಕ್‌ಟಾಪ್ ಮೇಲೆಯೇ ಇರುತ್ತವೆ, ಅಂದರೆ ವಿಂಡೋಸ್ ಇರುವ ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಆದರೆ ಮೊದಲು ಹೋಗುವುದು ಅವೇ. ಕನ್ನಡದ ಕಡತಗಳಿಗೆ ಇನ್ನೊಂದು ಅಪಾಯವೂ ಇದೆ. 1998ರಲ್ಲಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇವೆರಡರಲ್ಲಿ ಬರೆದ ಹಳೆಯ ಕಡತಗಳು ಬಹುಪಾಲು ಯೂನಿಕೋಡ್‌ನಲ್ಲಿಲ್ಲ. ಅವು ಆಯಾ ಫಾಂಟನ್ನೇ ನೆಚ್ಚಿಕೊಂಡಿವೆ. ಕಡತವನ್ನು ಜೋಪಾನವಾಗಿ ಪೆನ್‌ಡ್ರೈವ್‌ಗೆ ತುಂಬಿಕೊಂಡು, ಫಾಂಟ್ ಮರೆತು ಫಾರ್ಮ್ಯಾಟ್ ಮಾಡಿದರೆ, ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಡತ ಹಾಳಾಗಿಲ್ಲ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಇದು ಗೊತ್ತಿಲ್ಲದೆ 'ವೈರಸ್ ಹಿಡಿದಿದೆ' ಎಂದುಕೊಂಡು ಅಳಿಸಿಬಿಟ್ಟ ಬರಹಗಳ ಬಗ್ಗೆ ಯೋಚಿಸಿದರೆ ಸಂಕಟವಾಗುತ್ತದೆ.

ಒಳ್ಳೆಯ ರಿಪೇರಿ ಫೋನಿನಲ್ಲೇ ಶುರುವಾಗುತ್ತದೆ. ತೋಟದ ನಡುವಿನ ಒಂಟಿ ಮನೆಗೆ ಬೈಕಿನಲ್ಲಿ ಹೋಗಿಬರುವಷ್ಟರಲ್ಲಿ ಅರ್ಧ ದಿನ ಕಳೆಯುವ ಊರು ಇದು. ಹಾಗಾಗಿ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

"ಗೌಡ್ರೆ, ಬೆಳಗ್ಗೆ ಮೊದಲ ಸಲ ಹಾಕಿದಾಗ ಮಾತ್ರ ಹೀಗಾಗ್ತದೋ, ಎಷ್ಟು ಸಲ ಹಾಕಿದ್ರೂ ಹೀಗೆಯೋ?"

"ಮೂರ್ನಾಲ್ಕು ಸಲ ಆಫ್ ಮಾಡಿ ಹಾಕಿದ್ರೆ ಸರಿಯಾಗ್ತದೆ ಮಾರಾಯ. ಒಮ್ಮೆ ಹಿಡಿದ್ರೆ ಸಂಜೆ ತನಕ ಎಂತ ತೊಂದರೆ ಇಲ್ಲ."

ಇಷ್ಟು ಕೇಳಿದರೆ ಅರ್ಧ ದಾರಿ ಸವೆದಂತೆ. ತಣ್ಣಗಿದ್ದಾಗ ತಕರಾರು ಮಾಡಿ, ಬಿಸಿಯಾದ ಮೇಲೆ ನೆಟ್ಟಗಾಗುವ ಯಂತ್ರದಲ್ಲಿ ಅನುಮಾನ ಮೊದಲು ಹೋಗುವುದು ವಿದ್ಯುತ್ತಿನ ಕಡೆಗೆ. ಡಬ್ಬಿಯೊಳಗಿನ ಎಸ್‌ಎಂಪಿಎಸ್ ಗೋಡೆಯಿಂದ ಬರುವ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ ಕೊಡುತ್ತದೆ. ಡಿಸ್ಕ್ ತಿರುಗತೊಡಗುವ, ಪ್ರೊಸೆಸರ್ ಎಚ್ಚರಾಗುವ ಆರಂಭದ ಹೊತ್ತಿನಲ್ಲಿ ಕರೆಂಟಿನ ಎಳೆತ ಜೋರಾಗಿರುತ್ತದೆ. ವಯಸ್ಸಾದ ಕೆಪಾಸಿಟರುಗಳು ಆಗ ಕೈಕೊಡುತ್ತವೆ. ಬಿಚ್ಚಿ ನೋಡಿದರೆ ಅವುಗಳ ನೆತ್ತಿ ಉಬ್ಬಿರುವುದು ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಎಷ್ಟು ಸಲ ಹಾಕಿದರೂ ಅದೇ ಜಾಗದಲ್ಲಿ ಬೀಳುವ ಯಂತ್ರದ ಕಥೆ ಬೇರೆ. ಅಲ್ಲಿ ತಪ್ಪು ಸಾಫ್ಟ್‌ವೇರ್‌ನಲ್ಲಿ ಅಡಗಿರುವ ಸಂಭವವೇ ಹೆಚ್ಚು.

ಎರಡನೆಯ ಪ್ರಶ್ನೆ ಯುಪಿಎಸ್ ಬಗ್ಗೆ. ಮನೆಗಳಲ್ಲಿರುವ ಸಣ್ಣ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಡಬ್ಬಿ ಮಾತ್ರ ಅಲ್ಲೇ ಇರುತ್ತದೆ, ದೀಪವೂ ಉರಿಯುತ್ತಿರುತ್ತದೆ. ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಸತ್ತಾಗಲೇ ಒಳಗೆ ಜೀವವಿಲ್ಲವೆಂದು ತಿಳಿಯುವುದು. ಮರ ಬಿದ್ದು ತಂತಿ ಹರಿಯುವ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು. ವಿಂಡೋಸ್ ತನ್ನ ಕಡತಗಳನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಡೆಸ್ಕ್‌ಟಾಪ್ ಬೀಳಲು ಅಷ್ಟು ಸಾಕು. ಅನುಭವಸ್ಥರು ಮೊದಲು ಸ್ವಿಚ್‌ಬೋರ್ಡ್ ನೋಡುವುದು, ಅರ್ಥಿಂಗ್ ಪರೀಕ್ಷಿಸುವುದು ಇದಕ್ಕೇ. ಸಿಡಿಲಿನ ಕಾಲವಾದ ಏಪ್ರಿಲ್, ಮೇನಲ್ಲೇ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗಿರುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯಬೇಕೆಂದು ಹಿರಿಯರು ಹೇಳುವುದರಲ್ಲಿ ಪೂರ್ತಿ ಅರ್ಥವಿದೆ.

ಥಂಡಿಯ ಕೆಲಸ ನಿಧಾನದ್ದು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಶೃಂಗೇರಿಯೂ ಅದೇ ಘಟ್ಟದ ನೆರಳಿನ ಊರು. ಪುನರ್ವಸು ಮಳೆಯ ಹೊತ್ತಿಗೆ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಮನೆಯಲ್ಲಿ ರ್‍ಯಾಮ್ ಪಟ್ಟಿಯ ಅಂಚುಗಳು ಮಾತ್ರ ಹೊಳೆಯುತ್ತಿರಬೇಕೆಂದರೆ ಹೇಗೆ? ಸಂಪರ್ಕ ಮಂಕಾದರೆ ನೆನಪಿನಲ್ಲಿಟ್ಟ ಮಾಹಿತಿ ತಪ್ಪುತ್ತದೆ, ಒಮ್ಮೊಮ್ಮೆ ನೀಲಿ ಪರದೆ ಬರುತ್ತದೆ, ಒಮ್ಮೊಮ್ಮೆ ಡೆಸ್ಕ್‌ಟಾಪ್ ಬೀಳುತ್ತದೆ. ಪಟ್ಟಿಯನ್ನು ಕಳಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅಂಚು ಉಜ್ಜಿ, ಪುಡಿ ಕೊಡವಿ, ಮತ್ತೆ ಒತ್ತಿ ಕೂರಿಸುವುದು ಇಲ್ಲಿನ ರಿಪೇರಿಯ ಮೊದಲ ಪಾಠ. ಎಷ್ಟೋ ಯಂತ್ರಗಳು ಅಷ್ಟಕ್ಕೇ ಗುಣವಾಗುತ್ತವೆ. ಆಗದಿದ್ದರೆ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಪರೀಕ್ಷೆಗೆ ಬಿಡಬೇಕು. ಮಳೆಗಾಲದಲ್ಲಿ ಕೆಲಸವಿರಲಿ ಇಲ್ಲದಿರಲಿ ದಿನಕ್ಕೊಮ್ಮೆ ಕಂಪ್ಯೂಟರ್ ಹಾಕಿ ಸ್ವಲ್ಪ ಹೊತ್ತು ಬಿಡಿ ಎಂದು ರಿಪೇರಿಯವರು ಹೇಳುತ್ತಾರೆ. ಒಳಗಿನ ಬಿಸಿಗೆ ಪಸೆ ಆರುತ್ತದೆ. ಎಸ್‌ಎಂಪಿಎಸ್‌ನ ಬೆಚ್ಚನೆಗೆ ಇರುವೆ, ಹಲ್ಲಿ ಸೇರಿಕೊಳ್ಳುವುದೂ ಉಂಟು. ಅದಕ್ಕೆ ಡಬ್ಬಿಯ ಹಿಂದಿನ ಖಾಲಿ ಕಿಂಡಿಗಳನ್ನು ಮುಚ್ಚಿಸಬೇಕು.

ಇಷ್ಟೆಲ್ಲ ಸರಿಯಿದ್ದೂ ಡೆಸ್ಕ್‌ಟಾಪ್ ಬೀಳುತ್ತಿದ್ದರೆ ಆಗ ನಿಜವಾದ ಪತ್ತೆದಾರಿ ಕೆಲಸ. ನಾವು ಡೆಸ್ಕ್‌ಟಾಪ್ ಎನ್ನುವುದು, ಆ ಐಕಾನ್‌ಗಳು, ಕೆಳಗಿನ ಪಟ್ಟಿ, ಎಲ್ಲವೂ 'ಎಕ್ಸ್‌ಪ್ಲೋರರ್' ಎಂಬ ಒಂದು ಪ್ರೋಗ್ರಾಂ ತೋರಿಸುವ ನೋಟ. ಅದು ಬಿದ್ದರೆ ವಿಂಡೋಸ್ ಸತ್ತಿತೆಂದಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿಂದ ಕಡತಗಳನ್ನು ಹೊರಗೆ ಸಾಗಿಸುವುದಕ್ಕೂ ದಾರಿಯಿದೆ. ನುರಿತವರು ಮೊದಲು ಮಾಡುವುದು ಈ ಸಾಗಣೆಯನ್ನೇ. ಅದು ಮುಗಿಯುವ ತನಕ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ.

ಆಮೇಲೆ ಸೇಫ್ ಮೋಡ್. ಎಕ್ಸ್‌ಪಿ ಮತ್ತು ವಿಂಡೋಸ್ 7ರ ಕಾಲದಲ್ಲಿ ಎಫ್8 ಒತ್ತಿದರೆ ಆಗುತ್ತಿತ್ತು. ಈಗ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಬೇಕು. ಈ ಸ್ಥಿತಿಯಲ್ಲಿ ವಿಂಡೋಸ್ ಅಗತ್ಯದ ಡ್ರೈವರ್‌ಗಳನ್ನಷ್ಟೇ ಇಟ್ಟುಕೊಂಡು ಏಳುತ್ತದೆ, ನಾವು ಮೇಲೆ ಹೇರಿದ್ದನ್ನೆಲ್ಲ ಹೊರಗೆ ನಿಲ್ಲಿಸುತ್ತದೆ. ಇಲ್ಲಿ ಡೆಸ್ಕ್‌ಟಾಪ್ ಗಟ್ಟಿಯಾಗಿ ನಿಂತರೆ ಕಳ್ಳ ಹೊರಗಿನವನು. ಆಗ ಆರಂಭದಲ್ಲಿ ತಾನಾಗಿ ಏಳುವ ಪ್ರೋಗ್ರಾಂಗಳ ಪಟ್ಟಿ ತೆಗೆದು, ಅರ್ಧವನ್ನು ನಿಲ್ಲಿಸಿ ನೋಡುವುದು, ತೊಂದರೆ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. ಹದಿನಾರು ಪ್ರೋಗ್ರಾಂ ಇದ್ದರೂ ನಾಲ್ಕು ಸುತ್ತಿಗೆ ಸಿಕ್ಕಿಬೀಳುತ್ತದೆ. ರೈಟ್ ಕ್ಲಿಕ್ ಪಟ್ಟಿಗೆ ತನ್ನ ಹೆಸರು ಸೇರಿಸಿಕೊಂಡ ಯಾವುದೋ ಉಚಿತ ತಂತ್ರಾಂಶವಿರಬಹುದು. ಡೆಸ್ಕ್‌ಟಾಪ್ ಮೇಲೆ ಅರ್ಧಂಬರ್ಧ ಕಾಪಿಯಾದ ಯಕ್ಷಗಾನದ ವಿಡಿಯೊ ಒಂದಿದ್ದು, ಅದರ ಚಿಕ್ಕ ಚಿತ್ರ ತೋರಿಸಲು ಹೋಗಿ ಎಕ್ಸ್‌ಪ್ಲೋರರ್ ಎಡವುತ್ತಿರಬಹುದು. ಇವೆಂಟ್ ವ್ಯೂವರ್ ತೆರೆದರೆ ಪ್ರೋಗ್ರಾಂ ಬಿದ್ದ ಹೊತ್ತು, ಬೀಳಿಸಿದ ಕಡತದ ಹೆಸರು ಎರಡೂ ದಾಖಲಾಗಿರುತ್ತವೆ. ಅದನ್ನು ಓದುವ ತಾಳ್ಮೆ ಬೇಕು. ಕೊನೆಗೆ ಹೊಸ ಬಳಕೆದಾರನ ಖಾತೆಯೊಂದನ್ನು ತೆರೆದು ನೋಡಬೇಕು. ಅಲ್ಲಿ ಎಲ್ಲ ಸರಿಯಿದ್ದರೆ ಕೆಟ್ಟದ್ದು ಹಳೆಯ ಖಾತೆ ಮಾತ್ರ, ವಿಂಡೋಸ್ ಅಲ್ಲ.

ಈ ವಿದ್ಯೆ ಸಣ್ಣ ಊರಿನ ಸಣ್ಣ ಕೆಲಸವೆಂದು ಯಾರಾದರೂ ಭಾವಿಸಿದ್ದರೆ 2024ರ ಜುಲೈ 19ನ್ನು ನೆನೆಯಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ವಿಮಾನಗಳು ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರವಾದರೂ ಏನಿತ್ತು? ಬಹುತೇಕ ಕಡೆ ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ಗೆ ಹೋಗಿ, ತಪ್ಪಿತಸ್ಥ ಕಡತವನ್ನು ಹುಡುಕಿ ಅಳಿಸುವುದು. ನರಸಿಂಹರಾಜಪುರದ ಅಂಗಡಿಯಲ್ಲಿ ನಡೆಯುವ ಕೆಲಸವೇ ಅಂದು ದೊಡ್ಡ ನಗರಗಳ ಕಚೇರಿಗಳಲ್ಲೂ ನಡೆದದ್ದು.

ಈ ಅಂಗಡಿಗಳಿಗೆ ಬಿಡಿಭಾಗಗಳು ಬರುವುದು ಶಿವಮೊಗ್ಗದಿಂದ, ಇಲ್ಲವೇ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ. ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಈ ಸೀಮೆಯ ಹಳ್ಳಿಗಳಿಗೆ ಆದ ತೊಡಕು ಎಲ್ಲರಿಗೂ ಗೊತ್ತಿರುವುದೇ. ಬಸ್ಸೆಂದರೆ ಇಲ್ಲಿ ಜನರಷ್ಟೇ ಅಲ್ಲ, ಸಾಮಾನೂ ಓಡಾಡುವ ದಾರಿ.

ಈಗ ಅಂಗಡಿಗಳಿಗೆ ಹೊಸದೊಂದು ಪ್ರಶ್ನೆ ಎದುರಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಗಳಲ್ಲಿರುವ ಹಳೆಯ ಯಂತ್ರಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ. ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಕೂರಿಸಿದರೆ ಅಂಥ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಅಲ್ಲೂ ಸಿಗುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಕಷ್ಟವಿಲ್ಲ. ಆದರೆ ಹಳೆಯ ನುಡಿ, ಬರಹ ಕಡತಗಳನ್ನು ಅದಕ್ಕೆ ಮೊದಲೇ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರಿಸಿಕೊಳ್ಳಬೇಕು. ಯಂತ್ರ ಸರಿಯಿರುವಾಗಲೇ, ಮುಂದಿನ ಗುಡುಗಿಗೆ ಮೊದಲೇ ಈ ಕೆಲಸವನ್ನು ಅಂಗಡಿಯವರಿಗೆ ಒಪ್ಪಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದಿಟ್ಟುಕೊಳ್ಳಿ.