ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಬಾಯಾರಿದ ಇಲಿಗಳು ನೀರಿಗೆ ಮೂತಿ ಹಚ್ಚುತ್ತಿರಲಿಲ್ಲ. 1950ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ವಿಕಿರಣದ ಪರಿಣಾಮ ಅಳೆಯುತ್ತಿದ್ದ ಜಾನ್ ಗಾರ್ಸಿಯಾ ಅವರಿಗೆ ಇದು ವಿಚಿತ್ರವೆನಿಸಿತು. ಅದೇ ಇಲಿಗಳು ತಮ್ಮ ಗೂಡಿಗೆ ಮರಳಿದರೆ ನೀರು ಕುಡಿಯುತ್ತಿದ್ದವು. ಗೂಡಿನಲ್ಲಿದ್ದದ್ದು ಗಾಜಿನ ಬಾಟಲಿ, ವಿಕಿರಣದ ಕೋಣೆಯಲ್ಲಿದ್ದದ್ದು ಪ್ಲಾಸ್ಟಿಕ್ಕಿನದು. ಹೊಟ್ಟೆ ಕೆಡಿಸಿದ ವಿಕಿರಣ ಕಣ್ಣಿಗೆ ಕಾಣದು. ಪ್ಲಾಸ್ಟಿಕ್ಕಿನ ರುಚಿ ಮಾತ್ರ ನಾಲಿಗೆಗೆ ಹತ್ತುತ್ತಿತ್ತು. ಹೊಟ್ಟೆ ಕೆಟ್ಟದ್ದಕ್ಕೆ ಇಲಿಗಳು ನೀರನ್ನೇ ದೂರಿದ್ದವು!

1955ರಲ್ಲಿ ಗಾರ್ಸಿಯಾ ಮತ್ತು ಸಂಗಡಿಗರು ಸ್ಯಾಕರಿನ್ ಬೆರೆಸಿದ ಸಿಹಿನೀರು ಕೊಟ್ಟು, ಜೊತೆಗೇ ವಿಕಿರಣಕ್ಕೂ ಒಡ್ಡಿ ಇದನ್ನು ಸಾಬೀತು ಮಾಡಿದರು.

ಒಂದರ ಹಿಂದೆ ಇನ್ನೊಂದು ಬಂದರೆ ಮನಸ್ಸು ಎರಡಕ್ಕೂ ಗಂಟು ಹಾಕುತ್ತದೆ ಎಂಬುದು ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಜೊಲ್ಲು ಅಳೆದ ಕಾಲದಿಂದಲೂ ಗೊತ್ತಿತ್ತು. ಆದರೆ ಗಂಟು ಬಿಗಿಯಲು ಜೋಡಿ ಹಲವು ಸಲ, ಅದೂ ಕೆಲವೇ ಕ್ಷಣಗಳ ಅಂತರದಲ್ಲಿ ಬರಬೇಕು ಎಂದು ನಂಬಲಾಗಿತ್ತು. ರುಚಿಯ ವಿಷಯದಲ್ಲಿ ಒಂದೇ ಸಲ ಸಾಕು, ನಡುವೆ ಗಂಟೆಗಳೇ ಕಳೆದರೂ ಸರಿ ಎಂದರು ಗಾರ್ಸಿಯಾ. ಒಪ್ಪದ ಪತ್ರಿಕೆಗಳು ಅವರ ಪ್ರಬಂಧಗಳನ್ನು ಹಿಂದಿರುಗಿಸಿದವು. 1966ರ ಇನ್ನೊಂದು ಪ್ರಯೋಗದಲ್ಲಿ ವಾಕರಿಕೆ ಬಂದ ಇಲಿಗಳು ರುಚಿಗೆ ಹೆದರಿದವೇ ಹೊರತು ಬೆಳಕಿಗೂ ಸದ್ದಿಗೂ ಅಲ್ಲ. ಹೊಟ್ಟೆ ಕೆಟ್ಟರೆ ದೇಹ ತಪ್ಪಿತಸ್ಥನನ್ನು ಹುಡುಕುವುದು ನಾಲಿಗೆಯ ಮೇಲೆಯೇ.

ಈ ಇಲಿಗಳ ಪಾಠ ಮಕ್ಕಳ ವಾರ್ಡಿಗೆ ಬಂದದ್ದು 1978ರಲ್ಲಿ. ಸಿಯಾಟಲ್‌ನ ಮನೋವಿಜ್ಞಾನಿ ಐಲೀನ್ ಬರ್ನ್‌ಸ್ಟೈನ್, ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೀಮೋಗೆ ಮೊದಲು ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟರು. ಕೆಲವು ವಾರಗಳ ನಂತರ ಅದೇ ಐಸ್‌ಕ್ರೀಮ್ ಮುಂದಿಟ್ಟಾಗ ಹೆಚ್ಚಿನ ಮಕ್ಕಳಿಗೆ ಅದು ಬೇಡವಾಗಿತ್ತು. ವಾಕರಿಕೆ ತಂದದ್ದು ಔಷಧಿ, ಶಿಕ್ಷೆ ಐಸ್‌ಕ್ರೀಮಿಗೆ. ವಾಂತಿ ಔಷಧಿಯಿಂದಲೇ ಬಂತೆಂದು ತಿಳಿದ ದೊಡ್ಡವರಿಗೂ ಹೀಗಾಗುತ್ತದೆ. ತಿಳಿವಳಿಕೆಯ ಮಾತನ್ನು ಹೊಟ್ಟೆ ಕೇಳುವುದಿಲ್ಲ. ಆದ್ದರಿಂದ ತಟ್ಟೆ ದೂಡುವ ರೋಗಿಯನ್ನು ಹಟಮಾರಿ ಎನ್ನುವುದು ಅನ್ಯಾಯ.

ಬರ್ನ್‌ಸ್ಟೈನ್ ಇದಕ್ಕೊಂದು ದಾರಿಯನ್ನೂ ಹುಡುಕಿದರು. 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟಕ್ಕೂ ಕೀಮೋಗೂ ನಡುವೆ ಮಕ್ಕಳಿಗೆ ಗಾಢ ರುಚಿಯ ಮಿಠಾಯಿ ಕೊಡಲಾಯಿತು. ಬರೆ ಬೀಳಲೆಂದೇ ಕಟ್ಟಿದ ಎಮ್ಮೆ ಅದು. ದೂರು ಮಿಠಾಯಿಯ ಪಾಲಾಯಿತು, ಊಟದ ರುಚಿ ಎಷ್ಟೋ ಉಳಿಯಿತು.

ನಮ್ಮ ಮನೆಗಳಲ್ಲಿ, ಪಾಪ, ಹೊಟ್ಟೆ ತುಂಬಿಸಿಕೊಂಡು ಹೋಗಲಿ ಎಂದು ಆಸ್ಪತ್ರೆಗೆ ಹೊರಡುವ ಬೆಳಿಗ್ಗೆಯೇ ರೋಗಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುವುದುಂಟು. ಕೀಮೋ ದಿನ ಮಾತ್ರ ಹಾಗೆ ಮಾಡಬೇಡಿ. ವೈದ್ಯರನ್ನು ಕೇಳಿ, ಹಗುರವಾದದ್ದೇನಾದರೂ ಕೊಡಿ. ರೋಗಿಯ ಮೆಚ್ಚಿನ ಹೋಳಿಗೆಯನ್ನು ವಾಕರಿಕೆ ಪೂರ್ತಿ ಇಳಿದ ಮೇಲೆ ಮಾಡಿ.