ಸೊಂಟದ ಕೀಲು ಸವೆದರೆ ಮೊದಲು ಏನು ಮಾಡಬೇಕು?

"ಸೊಂಟ ನೋವು ಡಾಕ್ಟ್ರೇ" ಎಂದು ಬರುವವರಿಗೆ ಜಾಗ ಮುಟ್ಟಿ ತೋರಿಸಿ ಎನ್ನುತ್ತೇನೆ. ಬೆನ್ನಿನ ಕೆಳಭಾಗವಾದರೆ ಹೆಚ್ಚಾಗಿ ಬೆನ್ನಿನ ತೊಂದರೆ. ಕೈ ತೊಡೆಸಂದಿಗೆ ಹೋದರೆ ಸೊಂಟದ ಕೀಲಿನ ಸವೆತದ ಅನುಮಾನ. ಮಲಗಿಸಿ, ಮಂಡಿ ಮಡಿಸಿ ಮೇಲೆತ್ತಿ, ಪಾದವನ್ನು ಹೊರಗಡೆಗೆ ತಿರುಗಿಸುತ್ತೇನೆ. ಸವೆದ ಕೀಲು ಅಷ್ಟಕ್ಕೇ ಬಿಗಿದು ನೋಯುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು, ಕಾಲಿನ ಉಗುರು ಕತ್ತರಿಸಲು ಕಷ್ಟವಾಗುವುದೂ ಇದರ ಗುರುತೇ.

ಕೂಡಲೇ ಆಪರೇಷನ್ ಎಂದು ಹೆದರಬೇಡಿ. ನಡೆದರೆ ಇನ್ನಷ್ಟು ಸವೆಯುತ್ತದೆಂಬ ಭಯವನ್ನೂ ಬಿಡಿ. ಪೃಷ್ಠ, ತೊಡೆಯ ಸ್ನಾಯುಗಳು ಗಟ್ಟಿಯಾದಂತೆ ನೋವು ತಗ್ಗುತ್ತದೆ. ಗೋಡೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದನ್ನು ಕ್ಲಿನಿಕ್ಕಿನಲ್ಲೇ ಮಾಡಿಸಿ ಕಳಿಸುತ್ತೇನೆ. ಫಲ ಕಾಣಲು 6ರಿಂದ 12 ವಾರ ಬೇಕಾದೀತು. ಬೊಜ್ಜಿದ್ದರೆ ತೂಕ ಇಳಿಸಿ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ನೊಂದ ಕೀಲಿನ ಭಾರ ಕಡಿಮೆಯಾಗುತ್ತದೆ. ನೋವಿನ ಮಾತ್ರೆ ಕೆಲವೇ ದಿನ, ಅದೂ ಕಿಡ್ನಿ, ಹೃದಯ, ಹೊಟ್ಟೆಹುಣ್ಣಿನ ವಿಚಾರ ಕೇಳಿದ ಮೇಲೆ.

ಇಷ್ಟಾದರೂ ನಿದ್ದೆ ಕೆಡುತ್ತಿದ್ದರೆ, ದಿನದ ಕೆಲಸ ನಿಂತರೆ ಮೂಳೆತಜ್ಞರಿಗೆ ಪತ್ರ ಬರೆಯುತ್ತೇನೆ. ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಜ್ವರದ ಜೊತೆ ಕೀಲು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ಟೀರಾಯ್ಡ್ ತೆಗೆದುಕೊಂಡ, ವಿಪರೀತ ಕುಡಿಯುವ ಯುವಕರ ತೊಡೆಸಂದಿನ ನೋವನ್ನೂ ಬೇಗ ಪರೀಕ್ಷಿಸಬೇಕು. ರಕ್ತ ಸಿಗದೆ ತೊಡೆಮೂಳೆಯ ತಲೆ ಸಾಯುತ್ತಿರಬಹುದು.