ದುಡಿಮೆಗೆ ದಕ್ಕುವ ನೆಲೆ

‘ಅನುಭವ’ ಎಂಬುದು ನಮ್ಮ ಭಾಷೆಯಲ್ಲಿ ಬಲು ಗೌರವದ ಮಾತು. ಶರಣರ ಗೋಷ್ಠಿಯನ್ನು ನಾವು ಇಂದಿಗೂ ನೆನೆಯುವುದು ಆ ಮಾತಿನಿಂದಲೇ. ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದ ನನಗೆ, ಇದೇ ಮಾತಿಗೆ ಗಂಟೆಗಳಲ್ಲಿ ಅಳೆಯಬಹುದಾದ ಇನ್ನೊಂದು ಅರ್ಥವೂ ಉಂಟೆಂದು ತಿಳಿದದ್ದು ನಿವೃತ್ತನಾದ ಮೇಲೆ. ತಿಳಿಸಿದವಳು ಕೆನಡಾದಲ್ಲಿರುವ ನನ್ನ ತಮ್ಮನ ಮಗಳು. ಆ ದೇಶದ ವಲಸೆ ಕಾನೂನಿನಲ್ಲಿ ಒಂದು ವರ್ಷದ ಅನುಭವವೆಂದರೆ 1,560 ಗಂಟೆಗಳ ಸಂಬಳದ ದುಡಿಮೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಪರದೇಶದಲ್ಲಿ ನೆಲೆಯೂರಬೇಕಾದರೆ ಮನುಷ್ಯನಲ್ಲಿ ಏನಿರಬೇಕು? ಈ ಪ್ರಶ್ನೆಗೆ ಕೆನಡಾ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಒಮ್ಮೆ ಅದು ಹುಟ್ಟಿದ ನಾಡನ್ನು ನೋಡುತ್ತಿತ್ತು. 1951ರ ಒಪ್ಪಂದದಂತೆ ಭಾರತದಿಂದ ವರ್ಷಕ್ಕೆ 150 ಮಂದಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. 1967ರಲ್ಲಿ ಅಂಕಗಳ ಪದ್ಧತಿ ಬಂದಾಗ ಹುಟ್ಟಿದ ನಾಡಿನ ಪ್ರಶ್ನೆ ಹಿಂದೆ ಸರಿದು ವಿದ್ಯೆ, ವಯಸ್ಸು, ಭಾಷೆ, ಕಸುಬುಗಳು ಮುಂದೆ ಬಂದವು. 2008ರಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟು, ತನ್ನ ನೆಲದಲ್ಲೇ ದುಡಿದು ಪಳಗಿದವರಿಗಾಗಿ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’ ಎಂಬ ಪ್ರತ್ಯೇಕ ವರ್ಗವನ್ನು ಆ ದೇಶ ತೆರೆಯಿತು. ಅನುಭವವೇ ಅರ್ಹತೆ ಎಂಬುದು ಅದರ ತಿರುಳು.

ಈ ವರ್ಗದ ನಿಯಮಗಳು ಕೇಳುವುದಕ್ಕೆ ಸರಳ. ಅರ್ಜಿಗೆ ಹಿಂದಿನ ಮೂರು ವರ್ಷಗಳೊಳಗೆ ಕೆನಡಾದಲ್ಲಿ ಒಂದು ವರ್ಷ ನುರಿತ ಕೆಲಸ ಮಾಡಿರಬೇಕು. ವಾರಕ್ಕೆ 30 ಗಂಟೆಯಂತೆ ಲೆಕ್ಕ. ಯಾರಾದರೂ ಹಗಲಿರುಳು ದುಡಿದು ಆರೇ ತಿಂಗಳಲ್ಲಿ ಅಷ್ಟೂ ಗಂಟೆ ಪೂರೈಸುತ್ತೇನೆಂದರೆ ಆಗದು. ವಾರದಲ್ಲಿ ಮೂವತ್ತಕ್ಕೆ ಮೇಲ್ಪಟ್ಟ ಗಂಟೆಗಳು ಲೆಕ್ಕಕ್ಕಿಲ್ಲ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸವೂ ಸೇರದು. ನನ್ನ ತಮ್ಮನ ಮಗಳು ಎರಡು ವರ್ಷ ಓದುತ್ತ, ಸಂಜೆಯ ಹೊತ್ತು ಒಂದು ಹೋಟೆಲಿನಲ್ಲಿ ನಿಂತ ಕಾಲಲ್ಲೇ ದುಡಿದಳು. ಆ ದುಡಿಮೆ ಊಟಕ್ಕೆ ಒದಗಿತು, ಅರ್ಜಿಗೆ ಒದಗಲಿಲ್ಲ. ಭಾಷಾ ಪರೀಕ್ಷೆಯಂತೂ ಎಲ್ಲರಿಗೂ ಉಂಟು. ಕಸುಬಿನ ದರ್ಜೆ ಮೇಲಿದ್ದಷ್ಟೂ ಅಲ್ಲಿ ಬೇಕಾದ ಮಟ್ಟವೂ ಮೇಲೆ.

ತೊಡಕು ಇರುವುದು ‘ನುರಿತ ಕೆಲಸ’ ಎಂಬಲ್ಲಿ. ಆ ದೇಶ ತನ್ನ ಸಮಸ್ತ ಕಸುಬುಗಳನ್ನೂ 516 ಗುಂಪುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಐದಂಕಿಯ ಸಂಖ್ಯೆ ಕೊಟ್ಟಿದೆ. ಅದರ ಎರಡನೆಯ ಅಂಕಿ ದರ್ಜೆಯನ್ನು ಸೂಚಿಸುತ್ತದೆ. ಸೊನ್ನೆಯಿಂದ ಮೂರರವರೆಗಿನದು ನುರಿತ ಕೆಲಸ. ನಾಲ್ಕು, ಐದು ಅಲ್ಲ. ಬುಕ್‌ಕೀಪರನ ಸಂಖ್ಯೆ 12200. ಲೆಕ್ಕದ ಗುಮಾಸ್ತೆಯದು 14200. ಇಬ್ಬರೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೂರುವವರಿರಬಹುದು. ಆದರೆ ಒಬ್ಬನಿಗೆ ಈ ಬಾಗಿಲು ತೆರೆದಿದೆ, ಇನ್ನೊಬ್ಬನಿಗೆ ಮುಚ್ಚಿದೆ.

ಓದು ಮುಗಿದ ಮೇಲೆ ಹುಡುಗಿಗೆ ಮೂರು ವರ್ಷಗಳ ವರ್ಕ್ ಪರ್ಮಿಟ್ ದೊರೆಯಿತು. ಅದು ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಕ್ಕುವಂಥದು. ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಕಿರ್ದಿ ಖಾತೆ ಬರೆಯುವುದು, ತಾಳೆಪಟ್ಟಿ ಸಿದ್ಧಪಡಿಸುವುದು, ಸಂಬಳದ ಬಟವಾಡೆ, ತೆರಿಗೆಯ ಪಾವತಿ ಎಲ್ಲವನ್ನೂ ಒಬ್ಬಳೇ ನೋಡಿಕೊಂಡಳು. ಅರ್ಜಿಗೆ ಅನುಭವದ ಪತ್ರ ಕೇಳಿದಾಗ ಯಜಮಾನರು ಎರಡು ಸಾಲು ಬರೆದುಕೊಟ್ಟರು: ಈಕೆ ನಮ್ಮಲ್ಲಿ ಗುಮಾಸ್ತೆ, ಒಳ್ಳೆಯ ಹುಡುಗಿ. ಪರ್ಮಿಟ್ ಮುಗಿಯಲು ಏಳು ತಿಂಗಳು ಉಳಿದಿತ್ತು. ಆ ರಾತ್ರಿ ಫೋನು ಬಂತು. “ದೊಡ್ಡಪ್ಪ, ಒಂದು ಅಂಕಿಯಲ್ಲಿ ನನ್ನ ಬದುಕು ಸಿಕ್ಕಿಕೊಂಡಿದೆ” ಎಂದಳು. ಹಣ ಕೊಟ್ಟರೆ ಬೇಕಾದ ಒಕ್ಕಣೆಯ ಪತ್ರವನ್ನು ‘ಹೊಂದಿಸಿ’ ಕೊಡುವ ಮಧ್ಯವರ್ತಿಯೊಬ್ಬ ಆಗಲೇ ಅವಳನ್ನು ಕಂಡಿದ್ದನಂತೆ.

ನಿಯಮವನ್ನು ಓದಿ ಹೇಳೆಂದೆ. ಕೇಳುತ್ತ ಹೋದಂತೆ ನನ್ನೊಳಗಿನ ವ್ಯಾಕರಣದ ಮೇಷ್ಟರು ಎಚ್ಚೆತ್ತರು. ಕಾನೂನು ನಾಮಪದವನ್ನು ಕೇಳುತ್ತಿರಲಿಲ್ಲ, ಕ್ರಿಯಾಪದವನ್ನು ಕೇಳುತ್ತಿತ್ತು. ಹುದ್ದೆಯ ಹೆಸರು ಮುಖ್ಯವಲ್ಲ. ಆ ಕಸುಬಿನ ವಿವರಣೆಯಲ್ಲಿರುವ ಕೆಲಸಗಳನ್ನು, ಅದರಲ್ಲೂ ಅತ್ಯಗತ್ಯವಾದವನ್ನೆಲ್ಲ, ಅರ್ಜಿದಾರ ನಿಜವಾಗಿ ಮಾಡಿರಬೇಕು. ಪತ್ರದಲ್ಲಿ ಮಾಡಿದ ಕೆಲಸಗಳು, ವಾರದ ಗಂಟೆಗಳು, ಸಂಬಳ, ತಾರೀಖುಗಳು ಸ್ಪಷ್ಟವಾಗಿರಬೇಕು. ಹಾಗಿರುವಾಗ ಸುಳ್ಳಿನ ಅಗತ್ಯವೇ ಇರಲಿಲ್ಲ. ಸುಳ್ಳಿನ ದಂಡವೂ ಸಣ್ಣದಲ್ಲ: ಹುಸಿ ದಾಖಲೆ ಕೊಟ್ಟದ್ದು ರುಜುವಾತಾದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. “ನೀನು ಮಾಡಿದ್ದನ್ನು ಮಾಡಿದಂತೆಯೇ ಪಟ್ಟಿ ಮಾಡು. ಒಂದು ಮಾತು ಹೆಚ್ಚು ಬೇಡ. ಅದನ್ನು ಅವರ ಮುಂದಿಟ್ಟು, ಇದು ನಿಜವೆಂದು ತೋರಿದರೆ ಸಹಿ ಮಾಡಿ ಎಂದು ಕೇಳು” ಎಂದೆ.

ಯಜಮಾನರು ಮೊದಲು ಒಪ್ಪಲಿಲ್ಲ. ಮೂರು ವಾರ ಕಾಯಿಸಿದರು. ಕೊನೆಗೆ ಒಂದು ದಿನ, ಅವಳೇ ಬರೆದ ಎರಡು ವರ್ಷಗಳ ಖಾತೆಪುಸ್ತಕಗಳನ್ನು ಮುಂದಿಟ್ಟುಕೊಂಡು ಪಟ್ಟಿಯನ್ನು ಸಾಲುಸಾಲಾಗಿ ತಾಳೆ ನೋಡಿ ಸಹಿ ಹಾಕಿದರಂತೆ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಭಾವಿಸಬೇಡಿ. ಅರ್ಹತೆ ಬೇರೆ, ಆಹ್ವಾನ ಬೇರೆ. 2015ರಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವ್ಯವಸ್ಥೆಯಲ್ಲಿ ಅರ್ಹರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. 1,200 ಅಂಕಗಳ ಲೆಕ್ಕದಲ್ಲಿ ಮೇಲಿದ್ದವರಿಗೆ ಮೊದಲ ಕರೆ. ವಯಸ್ಸು ಮೂವತ್ತು ತುಂಬಿತೆಂದರೆ ಅಂಕಗಳು ಇಳಿಯತೊಡಗುತ್ತವೆ. ಅವಳಿಗೀಗ ಇಪ್ಪತ್ತೆಂಟು. ಹೆಚ್ಚಿನ ಅಂಕಗಳಿಗಾಗಿ ಸಂಜೆಯ ಹೊತ್ತು ಫ್ರೆಂಚ್ ಕಲಿಯುತ್ತಿದ್ದಾಳೆ. ಕರೆ ಬರಬಹುದು, ಬಾರದೆಯೂ ಇರಬಹುದು.

ನಾನು ಈ ಎಲ್ಲವನ್ನೂ ಇಷ್ಟು ಮನಸ್ಸಿಟ್ಟು ಕೇಳಿದ್ದಕ್ಕೆ ಕಾರಣವುಂಟು. 1983ರಿಂದ ನಾಲ್ಕು ವರ್ಷ ಒಂದು ಕಾಲೇಜಿನಲ್ಲಿ ನಾನು ಹಂಗಾಮಿ ಅಧ್ಯಾಪಕನಾಗಿದ್ದೆ. ಕಾಯಂ ಆದ ದಿನ ಆ ನಾಲ್ಕು ವರ್ಷಗಳನ್ನು ಸೇವೆಯ ಲೆಕ್ಕದಿಂದ ತೆಗೆದುಹಾಕಿದರು. ಅದೇ ತರಗತಿ, ಅದೇ ಪಂಪಭಾರತ, ಅದೇ ಸೀಮೆಸುಣ್ಣದ ಧೂಳು. ಆದರೆ ಪುಸ್ತಕದಲ್ಲಿ ನಾನು ಅಲ್ಲಿರಲೇ ಇಲ್ಲ. ದುಡಿದದ್ದನ್ನು ದುಡಿಮೆಯೆಂದು ಎಣಿಸುವ ಕಾನೂನು, ಗಂಟೆಗಳಲ್ಲೇ ಎಣಿಸಲಿ, ನನಗೆ ಒಣ ಲೆಕ್ಕವಾಗಿ ಕಾಣುವುದಿಲ್ಲ. ಹಾಗೆಂದು ಹೋಟೆಲಿನಲ್ಲಿ ಅವಳು ನಿಂತ ಸಂಜೆಗಳನ್ನು ಮರೆಯಲೂ ಮನಸ್ಸು ಬಾರದು. ಎಣಿಕೆಗೆ ಸಿಕ್ಕದ ದುಡಿಮೆ ಎಲ್ಲ ದೇಶಗಳಲ್ಲಿಯೂ ಇದ್ದೇ ಇದೆ.

ಮೊನ್ನೆ ಅವಳು ಆ ಪತ್ರದ ಪ್ರತಿಯನ್ನು ನನಗೆ ಕಳುಹಿಸಿದಳು. ಒಂಬತ್ತು ಸಾಲುಗಳು, ಒಂಬತ್ತು ಕ್ರಿಯಾಪದಗಳು. ಒಂದೂ ಸುಳ್ಳಲ್ಲ. ತಮ್ಮನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಇಷ್ಟೆಲ್ಲ ಮಾಡುತ್ತಾಳೆಯೇ ಅವಳು?” ಎಂದ.